ಏಳು ಕೊರಳಿನ ಒಂದು ಸರ

ಟಪ್.

ಅಷ್ಟೇ ಸದ್ದು. ಗಾಜು ಒಡೆದ ಸದ್ದಿನ ಹಾಗಿರಲಿಲ್ಲ. ಯಾರೋ ಬೀದಿಯಲ್ಲಿ ನಿಂತು ನೆಟಿಕೆ ಮುರಿದ ಹಾಗಿತ್ತು. ರಾತ್ರಿ ಎರಡೂವರೆ ಇರಬೇಕು. ನಾನು ಎದ್ದು ಕೂತೆ.

ನಮ್ಮ ಮನೆಯಲ್ಲಿ ರಾತ್ರಿಯ ಸದ್ದುಗಳೆಲ್ಲ ನನ್ನ ಪಾಲಿಗೆ. ಬೆಕ್ಕು ಹಾರಿದರೂ, ನಲ್ಲಿ ತೊಟ್ಟಿಕ್ಕಿದರೂ, ಪಕ್ಕದ ಮನೆಯ ಮುದುಕ ಕೆಮ್ಮಿದರೂ ನಾನು ಎದ್ದು ಕೂರುತ್ತೇನೆ. ಮೊದಲೆಲ್ಲ ಉಳಿದವರನ್ನೂ ಎಬ್ಬಿಸುತ್ತಿದ್ದೆ. ಇರುವುದು ಒಂದು ಕೋಣೆ, ಒಂದು ಅಡಿಗೆಮನೆ. ಮಲಗುವವರು ಐದು ಜನ: ಅಮ್ಮ, ಅಣ್ಣ, ಅತ್ತಿಗೆ, ತಂಗಿ, ನಾನು. ಒಬ್ಬರನ್ನು ಎಬ್ಬಿಸಿದರೆ ಎಲ್ಲರೂ ಎದ್ದ ಹಾಗೆ. ಹಿಂದಿನ ತಿಂಗಳು ಒಂದು ಇಲಿಯನ್ನು ಕಳ್ಳನೆಂದು ತಿಳಿದು ಅಣ್ಣನ ಕೈಗೆ ಪೊರಕೆ ಕೊಟ್ಟು ಬೀದಿಗೆ ಕಳಿಸಿದ್ದೆ. ಅವನು ವಾಪಸ್ ಬಂದು ಹೇಳಿದ್ದ: "ಇನ್ನೊಂದು ಸಲ ಎಬ್ಬಿಸಿದ್ರೆ ನಿನ್ನ ಎರಡು ಕಿವಿಗೂ ಹತ್ತಿ ತುರುಕ್ತೀನಿ ಕಣೇ."

ಹಾಗಾಗಿ ಆ ರಾತ್ರಿ ನಾನು ಯಾರನ್ನೂ ಎಬ್ಬಿಸಲಿಲ್ಲ. ಮಗ್ಗುಲು ಬದಲಿಸಿ ಮಲಗಿದೆ. ನನ್ನ ಆಯುಷ್ಯದಲ್ಲಿ ಮೊದಲ ಸಲ ಕಳ್ಳ ನಿಜವಾಗಿ ಬಂದಿದ್ದ. ಮೊದಲ ಸಲ ನಾನು ಬುದ್ಧಿವಂತಳಾಗಿದ್ದೆ.

ಬೆಳಿಗ್ಗೆ ಐದಕ್ಕೆ ಅಣ್ಣ ಕಾರು ತೆಗೆಯಲು ಹೋದ. ಕಾರು ಅವನದಲ್ಲ. ಅವನು ಡ್ರೈವರ್. ಯಜಮಾನರಿಗೆ ಬೆಳಗಿನ ಜಾವ ಎಲ್ಲಿಗೋ ಹೋಗುವುದಿದ್ದರೆ ಹಿಂದಿನ ರಾತ್ರಿ ಕಾರನ್ನು ನಮ್ಮ ಬೀದಿಗೇ ತಂದು ನಿಲ್ಲಿಸಿಕೊಳ್ಳುತ್ತಿದ್ದ. ಹೋದವನು ಹೋದಷ್ಟೇ ವೇಗದಲ್ಲಿ ತಿರುಗಿ ಬಂದ. ಬಾಗಿಲಲ್ಲಿ ನಿಂತು ಅಮ್ಮನ ಮುಖ ನೋಡಿದ. ಅವನ ಕೈಯಲ್ಲಿ ಒಂದು ರಬ್ಬರ್ ಗವಸು ಇತ್ತು. ಒಳಮೈ ಹೊರಗಾಗಿತ್ತು. ಐದು ಬೆರಳೂ ಜೋತು ಬಿದ್ದಿದ್ದವು.

ಅಮ್ಮ ಅದನ್ನು ಇಸಿದುಕೊಂಡು ಒಳಗೆ ಕೈಹಾಕಿ ನೋಡಿದಳು. ಮತ್ತೆ ಹಾಕಿ ನೋಡಿದಳು. ಹೆಬ್ಬೆರಳಿನ ತುದಿಯವರೆಗೂ ಹುಡುಕಿದಳು.

ಸರ ಹೋಗಿತ್ತು.

ಸರವನ್ನು ಕಾರಿನಲ್ಲಿ ಇಡಿಸಿದವಳು ಅಮ್ಮನೇ. ಹನ್ನೆರಡು ದಿನಕ್ಕೆ ತಂಗಿಯ ಮದುವೆ. ಸರ ದೊಡ್ಡಮ್ಮನ ಮನೆಯಲ್ಲಿತ್ತು. ಸಂಜೆ ಅಣ್ಣ ಹೋಗಿ ತಂದ. ಮನೆಯೊಳಗೆ ಇಡೋಣ ಅಂದರೆ ಅಮ್ಮ ಒಪ್ಪಲಿಲ್ಲ.

"ನಮ್ಮ ಬಾಗಿಲನ್ನ ಬೆಕ್ಕೂ ತಳ್ಕೊಂಡು ಬರುತ್ತೆ," ಅಂದಳು. "ಕಾರಿಗೆ ನಾಲ್ಕು ಬಾಗಿಲು, ನಾಲ್ಕಕ್ಕೂ ಬೀಗ. ಮುಟ್ಟಿದ್ರೆ ಕಿರಚ್ಕೊಳ್ಳುತ್ತೆ. ನಾವು ಕಿರಚಿದ್ರೆ ಯಾರು ಬರ್ತಾರೆ? ಕಾರು ಕಿರಚಿದ್ರೆ ಬೀದಿಗೆ ಬೀದಿನೇ ಬರುತ್ತೆ."

ಇದರಲ್ಲಿ ತಪ್ಪು ಹುಡುಕಲು ನಮ್ಮ ಯಾರಿಗೂ ಆಗಲಿಲ್ಲ. ನಾವು ಇರುವ ಮನೆಗಿಂತ ಬೇರೆಯವರ ಕಾರು ಗಟ್ಟಿ ಎಂಬುದು ನಮಗೆ ಅಷ್ಟು ಸಹಜವಾಗಿತ್ತು. ಅಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ಸರವನ್ನು ತನ್ನ ಹಳೆಯ ಗವಸಿನಲ್ಲಿ ತುರುಕಿ, "ರೋಗಿಗಳ ಬಟ್ಟೆ ಒಗೆದ ಗವಸು, ಯಾವ ಕಳ್ಳ ಮುಟ್ತಾನೆ?" ಎಂದು ಕಾರಿನ ಮುಂದಿನ ಖಾನೆಯಲ್ಲಿ ಇಡಿಸಿದಳು. ಕಳ್ಳ ಮುಟ್ಟಿದ್ದ. ಗವಸು ಮಾತ್ರ ಬೇಡವೆಂದು ಬಿಟ್ಟುಹೋಗಿದ್ದ.

ಆ ಸರವನ್ನು ಮಾಡಿಸಿದ್ದು ಅಮ್ಮನ ಅಮ್ಮ. ಅಜ್ಜಿಗೆ ಇಟ್ಟಿಗೆ ಹೊರುವ ಕೆಲಸ. ತಲೆಯ ಮೇಲೆ ಹನ್ನೆರಡು ಇಟ್ಟಿಗೆ, ಏಣಿ ಹತ್ತಿ ಮೂರು ಅಂತಸ್ತು. ಕೊನೆಗಾಲದಲ್ಲಿ ಅವಳ ನೆತ್ತಿಯ ಮೇಲೆ ಕೂದಲೇ ಇರಲಿಲ್ಲ. ವರ್ಷಕ್ಕೊಂದು ಚಿನ್ನದ ಎಲೆ ಮಾಡಿಸಿದಳು, ಹೆಬ್ಬೆರಳಿನ ಉಗುರಿನಷ್ಟು ಎಲೆ. ಹನ್ನೊಂದು ವರ್ಷಕ್ಕೆ ಹನ್ನೊಂದು. ಎಲ್ಲವನ್ನೂ ಸೇರಿಸಿ ಅಕ್ಕಸಾಲಿಗ ಸರ ಮಾಡಿಕೊಟ್ಟ. ಮನೆಗೆ ತಂದು ನೋಡಿದರೆ ಎಡದಿಂದ ನಾಲ್ಕನೆಯ ಎಲೆ ತಲೆಕೆಳಗಾಗಿತ್ತು. ಮರುದಿನ ಕೇಳಲು ಹೋದಾಗ ಅವನು, "ಗಾಳಿ ಬೀಸಿದ್ರೆ ಎಲೆ ತಿರುಗಲ್ವಾ? ಅದೇ ಕಲೆ," ಅಂದನಂತೆ. ಅಜ್ಜಿ ಆ ಕಲೆಯನ್ನು ಮೆಚ್ಚಿದಳೋ, ಜಗಳಕ್ಕೆ ಕಸುವಿರಲಿಲ್ಲವೋ, ಎಲೆ ಹಾಗೇ ಉಳಿಯಿತು.

ಅಜ್ಜಿ ಹೋದ ಮೇಲೆ ಸರ ಮೂವರು ಹೆಣ್ಣುಮಕ್ಕಳಿಗೂ ಸೇರಿತು: ದೊಡ್ಡಮ್ಮ, ಅಮ್ಮ, ಚಿಕ್ಕಮ್ಮ. ಹನ್ನೊಂದು ಎಲೆಯನ್ನು ಮೂರು ಪಾಲು ಮಾಡಲು ಬರುವುದಿಲ್ಲ. ಮಾಡುವ ಮನಸ್ಸೂ ಇರಲಿಲ್ಲ. ಮನೆಯ ಯಾವ ಹೆಣ್ಣಿಗೆ ಮದುವೆಯಾದರೂ ಆ ದಿನ ಸರ ಅವಳದು. ಬೆಳಿಗ್ಗೆ ಹಾಕಿಕೊಳ್ಳುವುದು, ಫೋಟೋ ತೆಗೆಸಿಕೊಳ್ಳುವುದು, ರಾತ್ರಿ ಬಿಚ್ಚಿ ಕೊಡುವುದು. ಹೀಗೆ ಅಜ್ಜಿಯದೂ ಸೇರಿ ಏಳು ಕೊರಳು ಆಗಿದ್ದವು. ತಂಗಿಯದು ಎಂಟನೆಯದು. ಹೊಲಿಗೆ ಕಾರ್ಖಾನೆಯಲ್ಲಿ ದಿನಕ್ಕೆ ಮುನ್ನೂರು ಕಾಲರ್ ಹೊಲಿಯುವ ಹುಡುಗಿ. ಬೇರೆಯವರ ಕೊರಳಿನ ಅಳತೆಯಲ್ಲೇ ವಯಸ್ಸು ಕಳೆಯುತ್ತಿದ್ದವಳು. ಒಂದು ವಾರದಿಂದ ಕನ್ನಡಿಯ ಮುಂದೆ ತನ್ನ ಕೊರಳು ನೋಡಿಕೊಳ್ಳುತ್ತಿದ್ದಳು.

ನಾನು ಸರವನ್ನು ಒಂದೇ ಸಲ ಹಾಕಿಕೊಂಡಿದ್ದೇನೆ, ಪದವಿ ಪಡೆದ ದಿನ. ಮದುವೆ ಆಗದವಳಿಗೆ ಅದೊಂದು ವಿನಾಯಿತಿ, ಲೆಕ್ಕಕ್ಕಿಲ್ಲ. ಮೇಲೆ ಕಪ್ಪು ಗೌನು ಹಾಕಿದರು. ಫೋಟೋದಲ್ಲಿ ಸರ ಕಾಣುವುದೇ ಇಲ್ಲ.

ಓದಿದವಳೆಂದು ಮನೆಯ ಅರ್ಜಿಗಳನ್ನೆಲ್ಲ ನಾನೇ ಬರೆಯುವುದು. ನನ್ನದು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ದಿನವಿಡೀ ಬೇರೆಯವರ ತಪ್ಪು ಹುಡುಕುತ್ತೇನೆ. ದೂರನ್ನು ಮೂರು ಸಲ ಬರೆದು, ನನ್ನ ಹೆಸರಿನಲ್ಲೇ ಸಹಿ ಹಾಕಿ, ಅಮ್ಮ, ಅಣ್ಣ, ನಾನು ಠಾಣೆಗೆ ಹೋದೆವು.

ಯಜಮಾನರು ಆಗಲೇ ಅಲ್ಲಿದ್ದರು. ಕುರ್ಚಿಯಲ್ಲಿ ಕೂತಿದ್ದರು. ಮುಂದೆ ಚಹಾ ಇತ್ತು. ಠಾಣೆಯ ರೈಟರ್ ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಒಡೆದ ಗಾಜು ಒಂದು. ಕಪ್ಪು ಕನ್ನಡಕ ಒಂದು. ಮೊಬೈಲ್ ಚಾರ್ಜರ್ ಒಂದು.

"ಒಂದು ಪ್ಯಾಕೆಟ್ ಚ್ಯೂಯಿಂಗ್ ಗಮ್ಮೂ ಇತ್ತು," ಅಂದರು ಯಜಮಾನರು.

"ತುಂಬಿತ್ತಾ ಸಾರ್?"

"ಅರ್ಧ."

ರೈಟರ್ ಬರೆದುಕೊಂಡ: ಅರ್ಧ.

"ಕಾರು ಕಿರಚ್ಕೊಳ್ಳಲಿಲ್ವಾ ಸಾರ್?" ಎಂದು ಅಮ್ಮ ಕೇಳಿದಳು. ಅವಳಿಗೆ ಮೊದಲಿಂದಲೂ ಅದೇ ಸಂಕಟ.

"ಅದನ್ನ ಎರಡು ತಿಂಗಳ ಹಿಂದೆನೇ ಬಿಚ್ಚಿಸ್ಬಿಟ್ಟೆ," ಅಂದರು ಯಜಮಾನರು. "ಮಧ್ಯಾಹ್ನ ಮಲಗಕ್ಕೆ ಬಿಡ್ತಿರಲಿಲ್ಲ." ಆಮೇಲೆ ಅಣ್ಣನ ಕಡೆ ತಿರುಗಿದರು. "ನನ್ನ ಕಾರಲ್ಲಿ ನಿಮ್ಮನೆ ಸಾಮಾನು ಇಡೋಕೆ ಯಾರಯ್ಯ ಹೇಳಿದ್ದು? ನಿಮ್ಮ ಸರದಿಂದ ನನ್ನ ಗಾಜು ಹೋಯ್ತು."

ಅಣ್ಣ ತಲೆ ತಗ್ಗಿಸಿದ. ರೈಟರ್ ನನ್ನ ದೂರು ಓದಿದ. ಪೆನ್ನಿನ ತುದಿಯಿಂದ ಒಂದು ಪದದ ಮೇಲೆ ಕುಟ್ಟಿದ.

"'ಕಳುವಾಗಿದೆ' ಅಂತ ಬರ್ದಿದೀಯಲ್ಲಮ್ಮ. 'ಕಾಣೆಯಾಗಿದೆ' ಅಂತ ತಿದ್ದು."

"ಅದು ಎದ್ದು ಹೋಗಿಲ್ಲ ಸಾರ್. ಯಾರೋ ತಗೊಂಡು ಹೋಗಿದಾರೆ."

"ನಿಮ್ಮ ಹತ್ರ ಇತ್ತು ಅನ್ನೋದಕ್ಕೆ ಬಿಲ್ ಇದೆಯಾ?"

"ನಮ್ಮಜ್ಜಿ ಮಾಡಿಸಿದ್ದು ಸಾರ್. ಇಟ್ಟಿಗೆ ಹೊತ್ತು."

"ಇಟ್ಟಿಗೆಗೆ ಬಿಲ್ ಇರುತ್ತಮ್ಮ, ಚಿನ್ನಕ್ಕಿಲ್ವಾ?" ಎಂದು ಅವನು ನಕ್ಕ. ಯಜಮಾನರೂ ನಕ್ಕರು. ಚ್ಯೂಯಿಂಗ್ ಗಮ್ಮಿನ ಬಿಲ್ಲನ್ನು ಯಾರೂ ಕೇಳಿರಲಿಲ್ಲ. ಅಂತೂ ಒಂದೇ ಕಾರು, ಒಂದೇ ರಾತ್ರಿ, ಒಬ್ಬನೇ ಕಳ್ಳ. ಯಜಮಾನರ ಕನ್ನಡಕ ಕಳುವಾಗಿತ್ತು. ನಮ್ಮ ಸರ ಕಾಣೆಯಾಗಿತ್ತು.

"ಫೋಟೋ ಗೀಟೋ ಇದ್ರೆ ತಂದ್ಕೊಡಿ," ಅಂದ ಕೊನೆಗೆ.

ಅಂದು ಸಂಜೆಯೇ ನಾನು ಎಲ್ಲರ ಮನೆಗೆ ಹೋಗಿ ಫೋಟೋ ಕೂಡಿಸಿದೆ. ಅಜ್ಜಿ, ದೊಡ್ಡಮ್ಮ, ಅಮ್ಮ, ಚಿಕ್ಕಮ್ಮ, ದೊಡ್ಡಮ್ಮನ ಇಬ್ಬರು ಹೆಣ್ಣುಮಕ್ಕಳು, ಅತ್ತಿಗೆ. ಏಳು. ಪ್ರತಿಯೊಂದರ ಹಿಂದೆ ಹೆಸರು, ಫೋಟೋ ತೆಗೆದ ವರ್ಷ ಬರೆದೆ. ಮೇಲೊಂದು ಚೀಟಿ ಇಟ್ಟು ಠಾಣೆಗೆ ಕೊಟ್ಟು ಬಂದೆ: 'ಸರ ಧರಿಸಿರುವ ಫೋಟೋಗಳು, ಒಟ್ಟು ಏಳು.' ಇದು ನನ್ನ ತಪ್ಪು. ಅಲ್ಪವಿರಾಮಕ್ಕೂ ಒದ್ದಾಡುವ ನಾನು ಮುಖ್ಯವಾದ ಒಂದು ವಾಕ್ಯವನ್ನೇ ಬಿಟ್ಟಿದ್ದೆ. ಏಳರಲ್ಲೂ ಇರುವುದು ಒಂದೇ ಸರ ಎಂದು ಬರೆಯಲಿಲ್ಲ. ಅದನ್ನು ಬರೆಯಬೇಕು ಎಂದು ಹೊಳೆಯಲೇ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಸರ ಇರುತ್ತದೆ ಎಂಬ ಲೋಕದ ಪರಿಚಯ ನನಗಿರಲಿಲ್ಲ.

ರೈಟರ್‌ಗೆ ಇತ್ತು. ಅವನು ಎಣಿಸಿದ.

ಮಾರನೆಯ ದಿನ ಮೂವರು ಪೊಲೀಸರು ನಮ್ಮ ಮನೆಗೆ ಬಂದರು. ಜೊತೆಗೆ ರೈಟರ್.

"ಒಂದು ಕಳುವಾಯ್ತು ಸರಿ," ಅಂದ ರೈಟರ್. ಆಗ ಮಾತ್ರ ಕಳುವಾಯ್ತು ಅಂದ. "ಉಳಿದ ಆರು ಎಲ್ಲಿ?"

ಅಮ್ಮನಿಗೆ ಅರ್ಥವಾಗಲಿಲ್ಲ. "ಯಾವ ಆರು ಸಾರ್?"

"ನಾಟಕ ಬೇಡ. ಏಳು ಸರದ ಫೋಟೋ ನೀವೇ ಕೊಟ್ಟಿದೀರ. ಬಟ್ಟೆ ಒಗೆಯೋಳ ಮನೇಲಿ ಏಳು ಸರ. ಎಲ್ಲಿಂದ ಬಂತು?"

ನಾನು ಹೇಳಲು ಹೋದೆ. "ಸಾರ್, ಅದೆಲ್ಲಾ ಒಂದೇ..." ಅಷ್ಟರಲ್ಲಿ ಹಿಟ್ಟಿನ ಡಬ್ಬ ನೆಲದ ಮೇಲೆ ಸುರಿದಿತ್ತು. ಹಾಸಿಗೆ ಕೊಯ್ದರು. ಹತ್ತಿ ಹಾರಾಡಿತು. ಅತ್ತಿಗೆಯ ಟ್ರಂಕು ತಲೆಕೆಳಗಾಯಿತು. ಒಬ್ಬ ಪೇದೆ ಬೂಟು ಹಾಕಿಕೊಂಡೇ ತಂಗಿಯ ಮದುವೆಯ ಬಟ್ಟೆಯ ಮೇಲೆ ನಿಂತು ಅಟ್ಟಕ್ಕೆ ಕೈಹಾಕಿದ. ಅಲ್ಲಿಂದ ನನ್ನ ಕಾಲೇಜಿನ ನೋಟುಪುಸ್ತಕಗಳು ಬಿದ್ದವು. ಅವುಗಳನ್ನೂ ಕೊಡವಿ ನೋಡಿದ. ಬೀದಿಯ ಜನ ಬಾಗಿಲಲ್ಲಿ ನಿಂತಿದ್ದರು. ಕಾರು ಕಿರಚಿದರೆ ಬರುತ್ತಾರೆಂದು ಅಮ್ಮ ಲೆಕ್ಕ ಹಾಕಿದ್ದ ಜನ ಅವರೇ.

"ಏಳು ಸರ ಇದ್ದೂ ನನ್ನ ಹತ್ರ ಸಕ್ಕರೆ ಇಸ್ಕೊಳ್ಳೋಕೆ ಬರ್ತಿದ್ಲಲ್ಲ," ಎಂದು ಪಕ್ಕದ ಮನೆಯವಳು ಹೇಳಿದ್ದು ನನಗೆ ಕೇಳಿಸಿತು. ನನಗೆ ಎಲ್ಲವೂ ಕೇಳಿಸುತ್ತದೆ.

ಆರು ಸರ ಸಿಗಲಿಲ್ಲ. ಅಮ್ಮನನ್ನು ಠಾಣೆಗೆ ಕರೆದೊಯ್ದರು. ನಾನೂ ಹಿಂದೆ ಹೋದೆ.

"ಎಷ್ಟು ವರ್ಷದಿಂದ ಆಸ್ಪತ್ರೆಲಿದೀಯ?" ಎಂದು ರೈಟರ್ ಕೇಳಿದ.

"ಇಪ್ಪತ್ತಾರು."

"ಅಷ್ಟು ವರ್ಷದಲ್ಲಿ ಎಷ್ಟೊಂದು ಜನ ಸತ್ತಿರ್ತಾರೆ. ಸತ್ತೋರ ಕೊರಳಲ್ಲಿ ಏನಾದ್ರೂ ಇದ್ದಿರುತ್ತೆ. ಅಲ್ವಾ?"

ಅಮ್ಮ ಕೊಡಬಹುದಾದ ಉತ್ತರ ನನಗೆ ಗೊತ್ತಿತ್ತು. ಆಸ್ಪತ್ರೆಯ ಒಗೆತದ ಕೋಣೆ ನೆಲದ ಕೆಳಗಿದೆ. ಕಿಟಕಿಯಿಲ್ಲ. ಕುದಿಯುವ ನೀರಿನ ತೊಟ್ಟಿ, ಬ್ಲೀಚಿನ ಹೊಗೆ. ಒದ್ದೆ ಹೊದಿಕೆಯೊಂದು ಒಂದು ಮಗುವಿನಷ್ಟು ಭಾರ. ದಿನಕ್ಕೆ ಇನ್ನೂರು. ಮಷೀನಿಗೆ ಹಾಕುವ ಮುಂಚೆ ಪ್ರತಿಯೊಂದನ್ನೂ ಕೈಯಿಂದ ಕೊಡವಬೇಕು, ಮಡಿಕೆಯಲ್ಲಿ ಏನೇನೋ ಸಿಕ್ಕಿಕೊಂಡಿರುತ್ತದೆ. ಅಮ್ಮನಿಗೆ ಹಲ್ಲುಸೆಟ್ಟು ಸಿಕ್ಕಿವೆ, ಕಿವಿಯ ಮಷೀನು ಸಿಕ್ಕಿವೆ, ಒಂದು ಸಲ ಗಾಜಿನ ಕಣ್ಣು ಸಿಕ್ಕಿತು. ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಾಲ್ಕು ಮಹಡಿ ಹತ್ತಿ ಹೋಗಿ ಅದರ ಯಜಮಾನನಿಗೆ ಕೊಟ್ಟಳಂತೆ. ಅವನು ಇನ್ನೊಂದು ಕಣ್ಣಲ್ಲಿ ಅತ್ತನಂತೆ. ಉಂಗುರ, ಓಲೆ, ಎಲ್ಲವನ್ನೂ ಅವಳು ಮೇಲಿನವರಿಗೆ ಒಪ್ಪಿಸಿದ್ದಾಳೆ. ಇಪ್ಪತ್ತಾರು ವರ್ಷಕ್ಕೆ ಅವಳಿಗೆ ಉಳಿದದ್ದು ಉಗುರಿಲ್ಲದ ಎರಡು ಬೆರಳು.

ಮಹಿಳಾ ಪೇದೆಯನ್ನು ಕರೆದರು. ಚಿಕ್ಕ ವಯಸ್ಸಿನವಳು. ಮೂಲೆಯ ಪರದೆಯ ಹಿಂದೆ ಅಮ್ಮನ ಮೈ ತಡವಿದಳು. ಬಟ್ಟೆಯ ಒಳಗೆ ಕೈಹಾಕಿದಳು. ತುರುಬು ಬಿಚ್ಚಿ ಕೂದಲೊಳಗೆ ಬೆರಳಾಡಿಸಿದಳು. ಪರದೆಯ ಕೆಳಗಿನಿಂದ ಅಮ್ಮನ ಪಾದ ಕಾಣುತ್ತಿತ್ತು. ಹೆಬ್ಬೆರಳು ನೆಲವನ್ನು ಒತ್ತಿ ಹಿಡಿದಿತ್ತು.

"ಏನೂ ಇಲ್ಲ ಸಾರ್," ಅಂದಳು ಪೇದೆ, ಹೊರಗೆ ಬಂದು.

"ಸರಿ, ಕಳ್ಸು."

ಅಮ್ಮ ಹೊರಗೆ ಬರಲಿಲ್ಲ. "ಏ ಹುಡುಗಿ," ಎಂದು ಒಳಗಿನಿಂದಲೇ ಕರೆದಳು. "ಬಾ ಇಲ್ಲಿ."

"ಏನು?"

"ಬಿಚ್ಚಿದೋಳು ನೀನು. ಕಟ್ಟು."

ರೈಟರ್ ಪೆನ್ನು ಕೆಳಗಿಟ್ಟ. "ಏ, ಹೋಗಮ್ಮ ಸುಮ್ನೆ."

"ಹೋಗಲ್ಲ. ಕೂದಲು ಕೆದರ್ಕೊಂಡು ಠಾಣೆಯಿಂದ ಬೀದಿಗೆ ಹೋಗಲ್ಲ. ಕಟ್ಟಿಸ್ಕೊಂಡೇ ಹೋಗೋದು."

ಹುಡುಗಿ ರೈಟರನ್ನು ನೋಡಿದಳು. ಅವನು ಗೋಡೆ ನೋಡಿದ. ಅವಳು ಪರದೆಯ ಹಿಂದೆ ಹೋದಳು. ಆಮೇಲೆ ಅಮ್ಮನ ದನಿ: "ಬಿಗಿಯಾಗಿ ಕಟ್ಟು. ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?"

ಆ ಸಂಜೆ ದೊಡ್ಡಮ್ಮನಿಗೆ ಎಲ್ಲ ಗೊತ್ತಾಯಿತು. ದೊಡ್ಡಮ್ಮ ಬಸ್ ನಿಲ್ದಾಣದಲ್ಲಿ ಕಸ ಗುಡಿಸುವವಳು. ಅವಳ ಬಾಯಿಗೆ ಅಲ್ಲಿನ ಚಾಲಕರೇ ಹೆದರುತ್ತಾರೆ. ಮರುದಿನ ಬೆಳಿಗ್ಗೆ ಫೋಟೋದಲ್ಲಿದ್ದವರೆಲ್ಲ, ಸತ್ತ ಅಜ್ಜಿಯೊಬ್ಬಳನ್ನು ಬಿಟ್ಟು, ಆರು ಹೆಂಗಸರು ಠಾಣೆಯೊಳಗೆ ಸಾಲಾಗಿ ನಿಂತರು. ಏಳನೆಯವಳು ನಾನು, ಕೈಯಲ್ಲಿ ಅಚ್ಚುಕೂಟದ ಭೂತಗನ್ನಡಿ ಹಿಡಿದು. ಆ ದಿನ ಇನ್‌ಸ್ಪೆಕ್ಟರ್ ಸಾಹೇಬರು ಇದ್ದರು.

"ಸಾರ್, ಎಡದಿಂದ ನಾಲ್ಕನೇ ಎಲೆ ನೋಡಿ," ಎಂದು ಅಜ್ಜಿಯ ಫೋಟೋದ ಮೇಲೆ ಕನ್ನಡಿ ಹಿಡಿದೆ. "ತಲೆಕೆಳಗಾಗಿದೆ. ಈಗ ದೊಡ್ಡಮ್ಮನ ಫೋಟೋ ನೋಡಿ. ನಾಲ್ಕನೇದು. ಇದು ಅಮ್ಮಂದು. ನಾಲ್ಕನೇದೇ. ಏಳು ಜನ ಅಕ್ಕಸಾಲಿಗರು ಒಂದೇ ಕಡೆ ಒಂದೇ ತಪ್ಪು ಮಾಡಲ್ಲ ಸಾರ್."

ಸಾಹೇಬರು ಏಳನ್ನೂ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಅರಳಿತು. ಜೋರಾಗಿ ನಕ್ಕರು.

"ಏಳು ಜನಕ್ಕೆ ಒಂದೇನಾ?"

ರೈಟರ್ ನಕ್ಕ. ಪೇದೆಗಳು ನಕ್ಕರು. ಕಳ್ಳರೆಂಬ ಅನುಮಾನ ಹೋಗುತ್ತಿತ್ತು, ಸರಿ. ಅದು ಹೋಗುತ್ತಿದ್ದದ್ದು ನಾವು ಎಷ್ಟು ಬಡವರು ಎಂಬುದನ್ನು ಭೂತಗನ್ನಡಿ ಹಿಡಿದು ತೋರಿಸಿದ ಮೇಲೆ.

ದೊಡ್ಡಮ್ಮ ನಗು ಮುಗಿಯುವವರೆಗೆ ಕಾದಳು. "ಸಾರ್, ನಿಮ್ಮ ಠಾಣೇಲಿ ಜೀಪು ಎಷ್ಟು?"

"ಒಂದು. ಯಾಕೆ?"

"ಜನ?"

"ಹದಿನಾಲ್ಕು."

"ನಾವೇ ವಾಸಿ," ಅಂದಳು ದೊಡ್ಡಮ್ಮ.

ಏಳನ್ನು ಹೊಡೆದುಹಾಕಿ ಒಂದು ಎಂದು ತಿದ್ದಿದರು. 'ಕಾಣೆಯಾಗಿದೆ' ಹಾಗೇ ಉಳಿಯಿತು. ಸುರಿದ ಹಿಟ್ಟಿಗೆ, ಕೊಯ್ದ ಹಾಸಿಗೆಗೆ ಯಾರೂ ಏನೂ ಹೇಳಲಿಲ್ಲ. ಯಜಮಾನರ ಕಾರಿಗೆ ಹೊಸ ಗಾಜು ಬಂತು. ಅದನ್ನು ಅಣ್ಣನ ಸಂಬಳದಲ್ಲಿ ಹಾಕಿಸಿದರು.

ಮದುವೆಗೆ ಎರಡು ದಿನ ಉಳಿದಾಗ ಠಾಣೆಯಿಂದ ಫೋನು ಬಂತು. ಕಳ್ಳ ಸಿಕ್ಕಿದ್ದಾನೆ, ಸರ ಸಿಕ್ಕಿದೆ, ಬಂದು ತೆಗೆದುಕೊಂಡು ಹೋಗಿ. ತಂಗಿ ಫೋನಿಗೇ ಮುತ್ತು ಕೊಟ್ಟಳು. ಅಣ್ಣ ಕೆಲಸದ ಮೇಲಿದ್ದ. ಅಮ್ಮ, ನಾನು ಹೋದೆವು.

"ಬನ್ನಿ ಅಮ್ಮಾ, ಕೂತ್ಕೊಳ್ಳಿ," ಅಂದ ರೈಟರ್.

ಅಮ್ಮ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಬಂದರೇನೋ ಎಂದು. ಯಾರೂ ಇರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತಳು. ಸಾಹೇಬರು ಡ್ರಾಯರ್ ತೆಗೆದು ಒಂದು ಪೊಟ್ಟಣ ಬಿಚ್ಚಿ ಮೇಜಿನ ಮೇಲೆ ಇಟ್ಟರು.

ಎರಡೆಳೆಯ ಸರ. ಗುಂಡು ಗುಂಡು ಮಣಿ. ನಡುವೆ ಕೆಂಪು ಹರಳು. ನಮ್ಮದರ ಎರಡರಷ್ಟು ತೂಕವಿರಬೇಕು. ಎಲೆ ಒಂದೂ ಇರಲಿಲ್ಲ.

"ಇದು ನಮ್ಮದಲ್ಲ ಸಾರ್," ಅಂದಳು ಅಮ್ಮ.

"ನಿಮ್ಮದೇ."

"ಅಲ್ಲ ಸಾರ್. ನಮ್ಮದರಲ್ಲಿ ಎಲೆ ಇದ್ವು."

"ಕಳ್ಳ ಒಪ್ಕೊಂಡಿದಾನೆ," ಅಂದ ರೈಟರ್. "ಎಲೆ ಕರಗಿಸಿ ಮಣಿ ಮಾಡಿಸಿರ್ತಾನೆ. ಹಂಗೆ ಮಾಡ್ತಾರೆ ಅವರು."

"ನಮ್ಮ ಚಿನ್ನ ಕದ್ದು, ಅವನ ಚಿನ್ನಾನೂ ಸೇರ್ಸಿ, ಹರಳೂ ಕೂರ್ಸಿ ಕೊಟ್ಟಿದಾನಾ? ಅಂಥ ಕಳ್ಳ ಆದ್ರೆ ವರ್ಷಕ್ಕೊಂದು ಸಲ ಬರೋಕೆ ಹೇಳಿ ಸಾರ್."

ಸಾಹೇಬರು ನಗಲಿಲ್ಲ. ನಾಳೆ ಮೇಲಿನವರು ತಪಾಸಣೆಗೆ ಬರುತ್ತಾರಂತೆ. ಮುಗಿಯದ ಕಡತ ಇರಬಾರದಂತೆ. "ನೋಡಮ್ಮ, ನಿನಗೇ ಲಾಭ. ಮಗಳ ಮದುವೆ ಅಂದ್ರಿ. ಸಹಿ ಹಾಕಿ, ತಗೊಂಡ್ಹೋಗಿ." ಕಾಗದವನ್ನು ನನ್ನ ಕಡೆ ತಳ್ಳಿದರು. "ದೂರು ಕೊಟ್ಟೋಳು ನೀನಲ್ವಾ? ಓದಿದೀಯ. ಹೇಳು ನಿಮ್ಮಮ್ಮನಿಗೆ."

ಕಾಗದ ಓದಿದೆ. 'ನಮ್ಮ ಸರವನ್ನು ಗುರುತಿಸಿ ಪಡೆದಿರುತ್ತೇವೆ.' ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ.

ಹತ್ತು ದಿನದ ಹಿಂದೆ ನಮ್ಮ ಹತ್ತಿರ ಸರ ಇತ್ತೆಂದು ಇವರು ನಂಬಲಿಲ್ಲ. ಆಮೇಲೆ ಏಳು ಇದೆಯೆಂದು ನಂಬಿದರು. ಈಗ ಇದು ನಮ್ಮದಲ್ಲವೆಂದು ನಂಬುತ್ತಿಲ್ಲ. ನಾನು ಹಿಟ್ಟಿನ ಡಬ್ಬ ನೆನೆದೆ. ಪರದೆಯ ಕೆಳಗಿನ ಪಾದ ನೆನೆದೆ. ತಂಗಿಯ ಕೊರಳು ನೆನೆದೆ. ಇವರು ನಮಗೆ ಕೊಡಬೇಕಾದ್ದು ಇದೆ, ಇದಾದರೂ ಬರಲಿ ಅನ್ನಿಸಿತು. ಇದನ್ನು ಕಳೆದುಕೊಂಡವಳ ಮನೆಯಲ್ಲಿ ಇನ್ನೂ ಆರು ಇದ್ದೇ ಇರುತ್ತವೆ ಅನ್ನಿಸಿತು. ಆ ಲೆಕ್ಕವನ್ನು ಎಲ್ಲಿ ಕೇಳಿದ್ದೆ ಎಂಬುದು ಆಗ ಹೊಳೆಯಲಿಲ್ಲ.

ಪೆನ್ನು ತೆಗೆದುಕೊಂಡೆ. ಅದು ಸೋರುತ್ತಿತ್ತು. ನನ್ನ ಹೆಸರಿನ ಎರಡು ಅಕ್ಷರ ಬರೆದೆ.

ಮೂರನೆಯದಕ್ಕೆ ಜಾಗವಿರಲಿಲ್ಲ. ಅಲ್ಲಿ ಅಮ್ಮನ ಕೈ ಬಂದು ಕೂತಿತ್ತು. ಬಿಳಿಚಿ ಸುಕ್ಕಾದ, ಉಗುರಿಲ್ಲದ ಎರಡು ಬೆರಳಿನ ಕೈ. ಅವಳು ನನ್ನನ್ನು ನೋಡಲಿಲ್ಲ. ಎದ್ದು ನಿಂತಿದ್ದಳು.

"ಸಾರ್, ಇದನ್ನ ಕಳ್ಕೊಂಡೋಳು ಒಬ್ಬಳು ಇರ್ತಾಳೆ. ನಾಳೆ ಬರ್ತಾಳೆ. ಇತ್ತು ಅಂತಾಳೆ. ನೀವು ಅವಳನ್ನ ನಿಲ್ಸಿ ಬಿಲ್ ಕೇಳ್ತೀರ. ತಲೆ ಬಿಚ್ಚಿಸ್ತೀರ. ನಾನು ಇದನ್ನ ಮುಟ್ಟಲ್ಲ."

"ಹಾಗಾದ್ರೆ ನಮ್ಮದೇನೂ ಕಾಣೆಯಾಗಿಲ್ಲ, ದೂರು ವಾಪಸ್ ಅಂತ ಬರ್ಕೊಡು. ಮುಗೀತು," ಅಂದರು ಸಾಹೇಬರು.

"ಅದೂ ಬರ್ಕೊಡಲ್ಲ."

"ಮತ್ತೇನಮ್ಮ ನಿಂದು?" ರೈಟರ್ ಮೇಜು ಗುದ್ದಿದ. "ಕೊಟ್ರೆ ಬೇಡ ಅಂತೀಯ. ಬಿಡು ಅಂದ್ರೆ ಬಿಡಲ್ಲ ಅಂತೀಯ."

"ಸರ ಇತ್ತು. ಕಳುವಾಯ್ತು. ಇದು ಅದಲ್ಲ. ಇಷ್ಟೇ ನಂದು. ಬರೀರಿ. ನಿಮ್ಮ ಮೇಲಿನೋರು ಓದ್ಲಿ."

"ಅವರು ಬೈಯೋದು ನಮ್ಮನ್ನ."

"ಬೈಸ್ಕೊಳ್ಳಿ ಸಾರ್. ಒಂದು ದಿನ. ಅಭ್ಯಾಸ ಆಗುತ್ತೆ."

ಸಾಹೇಬರು ಪೊಟ್ಟಣ ಮಡಿಸಿ ಡ್ರಾಯರಿಗೆ ಹಾಕಿದರು. ಕಡತ ಮುಗಿಯಲಿಲ್ಲ. ಎರಡಕ್ಷರ ಬಿದ್ದಿದ್ದ ಕಾಗದವನ್ನು ಅಮ್ಮ ರೈಟರನ ಕೈಯಿಂದಲೇ ಹರಿಸಿದಳು. ಸಣ್ಣ ಚೂರಾಗುವವರೆಗೆ ಕದಲಲಿಲ್ಲ. ಅವಳಿಗೆ ಅಕ್ಷರ ಓದಲು ಬರುವುದಿಲ್ಲ. ಹೆಸರಿನ ಚೂರು ಯಾವುದೆಂದು ಗೊತ್ತಿಲ್ಲದೆ ಎಲ್ಲವನ್ನೂ ಹರಿಸಿದಳು.

ಬಸ್ಸಿನಲ್ಲಿ ವಾಪಸ್ ಬಂದೆವು. ನಮ್ಮ ಬೀದಿಯ ತಿರುವಿನಲ್ಲಿ ಸಾರ್ವಜನಿಕ ನಲ್ಲಿಯೊಂದಿದೆ. ಅಲ್ಲಿ ಅಮ್ಮ ನಿಂತಳು.

"ಕೈ ಕೊಡು. ಇಂಕು ಮೆತ್ಕೊಂಡಿದೆ."

ನೀರು ಬಿಟ್ಟು ನನ್ನ ಬೆರಳನ್ನು ಉಜ್ಜಿದಳು. ರಕ್ತದ ಕಲೆ ತೆಗೆಯುವವಳಿಗೆ ಇಂಕು ಯಾವ ಲೆಕ್ಕ? ಆದರೂ ಬಹಳ ಹೊತ್ತು ಉಜ್ಜಿದಳು. ಉರಿಯಿತು. ನಾನು ಕೈ ಎಳೆದುಕೊಳ್ಳಲಿಲ್ಲ.

"ಅಮ್ಮ, ನಾನು ಬರೆದೇಬಿಡ್ತಿದ್ದೆ."

ಅಮ್ಮ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡು ಮುಂದೆ ನಡೆದಳು.

ಮನೆಯ ಬಾಗಿಲಲ್ಲೇ ಎಲ್ಲರೂ ಇದ್ದರು. ತಂಗಿ ಅಮ್ಮನ ಬರಿಗೈ ನೋಡಿದಳು. ಮುಖ ತಿರುಗಿಸಿ ಒಳಗೆ ಹೋದಳು. ಅತ್ತಿಗೆ ಹಿಂದೆಯೇ ಹೋದಳು. ದೊಡ್ಡಮ್ಮ ಹೊಸ್ತಿಲಲ್ಲಿ ಕೂತು ದಾರಿ ಬಿಡಲಿಲ್ಲ.

"ಸಿಕ್ತು ಅಂದಿದ್ರಲ್ಲ?"

"ಬೇರೆ ಯಾರದ್ದೋ ಅಂತೆ. ನಮ್ಮದು ಇನ್ನೂ ಹುಡುಕ್ತಿದಾರೆ."

"ಅಷ್ಟು ಹೇಳೋಕೆ ಎರಡು ಗಂಟೆ ಬೇಕಿತ್ತಾ?"

"ಕೂರಿಸಿದ್ರು."

"ಕುರ್ಚಿ ಕೊಟ್ರಾ?"

"ಹೂಂ."

"ಹಾಗಾದ್ರೆ ಏನೋ ಇದೆ," ಅಂದಳು ದೊಡ್ಡಮ್ಮ. "ಸುಮ್ಸುಮ್ನೆ ನಮಗೆ ಕುರ್ಚಿ ಕೊಡ್ತಾರಾ?" ಅಮ್ಮನಿಂದ ಏನೂ ಹೊರಡುವುದಿಲ್ಲ ಎಂದು ಗೊತ್ತಾಗಿ ನನ್ನ ಕಡೆ ತಿರುಗಿದಳು. "ನೀನು ಹೇಳೇ. ನೀನು ಓದಿದೋಳು, ಸುಳ್ಳು ಹೇಳಲ್ಲ. ಏನಾಯ್ತು ಅಲ್ಲಿ?"

ನಾನು ಬಾಯಿ ತೆರೆದೆ.

"ಅವಳೇನು ಹೇಳ್ತಾಳೆ ಅಕ್ಕ?" ಅಂದಳು ಅಮ್ಮ, ಚಪ್ಪಲಿ ಬಿಡುತ್ತ. "ಅವಳು ಒಳಗೇ ಬರಲಿಲ್ಲ. ಹೊರಗಡೆ ನಿಂತಿದ್ಲು."

ದೊಡ್ಡಮ್ಮ ಸರಿದು ದಾರಿ ಬಿಟ್ಟಳು. ಅಮ್ಮ ಅಡಿಗೆಮನೆಗೆ ಹೋಗಿ ಪಾತ್ರೆ ಕೆಳಗಿಳಿಸಿದಳು. ಠಾಣೆಯಲ್ಲಿ ನಡೆದದ್ದನ್ನು ಅವಳು ಅಂದು ಯಾರಿಗೂ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ. ನಾವಿಬ್ಬರೇ ಇದ್ದಾಗ ನನಗೂ ಹೇಳಲಿಲ್ಲ.